ವಂಜಿರುವಿನ ರಿಲೀಫ್ ಫಾರಂ

ಇದನ್ನು ಬರೆಯಲು ನಾನು ಕೂತದ್ದು ಇದು ನಾಲ್ಕನೆಯ ಸಲ. ಹಿಂದಿನ ಮೂರು ಸಲವೂ ನಗು ಬರುವ ಭಾಗದವರೆಗೆ ಸಲೀಸಾಗಿ ಬರೆದು, ಅದರ ಮುಂದಕ್ಕೆ ಕೈ ಓಡದೆ ಹಾಳೆ ಹರಿದಿದ್ದೇನೆ. ಇಲ್ಲಿನ ಕನ್ನಡದವರು ಯುಗಾದಿಗೋ ದೀಪಾವಳಿಗೋ ಸೇರಿದಾಗ ಈ ಕಥೆಯನ್ನು ಹೇಳಿ ಎಷ್ಟೋ ಜನರನ್ನು ನಗಿಸಿದ್ದೇನೆ. "ಸುಬ್ರಾಯಣ್ಣ, ಆ ಕಮಾವು ಕಥೆ ಹೇಳಿ" ಎಂದು ಕೇಳುವವರೂ ಇದ್ದಾರೆ. ಅವರಿಗೆಲ್ಲ ನಾನು ಹೇಳಿದ್ದು ಅರ್ಧ. ನನಗೀಗ ಎಪ್ಪತ್ತೊಂಬತ್ತು ವರ್ಷ. ಉಳಿದರ್ಧವನ್ನು ಇನ್ನೂ ಮುಂದೂಡಲು ನೆಪಗಳು ಉಳಿದಿಲ್ಲ.

ಅದು 1987. ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ಶಾಲಾ ಮಕ್ಕಳ ಸ್ವೆಟರ್ ಹೆಣೆಯುವ ಒಂದು ಕಾರ್ಖಾನೆಯಲ್ಲಿ ನಾನು ಪೇರೋಲ್ ಕ್ಲರ್ಕ್ ಆಗಿದ್ದೆ. ಕುಂದಾಪುರದಲ್ಲಿ ಎಸ್‌.ಎಸ್‌.ಎಲ್‌.ಸಿ. ಮುಗಿಸಿ, ಕೆಲವು ವರ್ಷ ಅಲ್ಲಿ ಇಲ್ಲಿ ಲೆಕ್ಕ ಬರೆದು, 1971ರಲ್ಲಿ ಸೋದರಮಾವನ ಕಾಗದ ಹಿಡಿದುಕೊಂಡು ಈ ಊರಿಗೆ ಬಂದವನು. ಕಾರ್ಖಾನೆಯಲ್ಲಿ ನೂರನಲವತ್ತಕ್ಕೂ ಮಿಕ್ಕಿ ಕೆಲಸಗಾರರಿದ್ದರು, ಮುಕ್ಕಾಲು ಪಾಲು ಹೆಂಗಸರು. ನಗರದ ಯಾವ ಶಾಲೆಗೆ ಯಾವ ಬಣ್ಣ, ಯಾವ ಶಾಲೆಯ ಸ್ವೆಟರಿನ ಕುತ್ತಿಗೆಗೆ ಎಷ್ಟು ಪಟ್ಟೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಜನವರಿಯಲ್ಲಿ ಶಾಲೆ ಶುರುವಾಗುವುದರಿಂದ ಸೆಪ್ಟೆಂಬರ್‌ನಿಂದಲೇ ಮೆಷಿನುಗಳು ಬಿಡುವಿಲ್ಲದೆ ಓಡುತ್ತಿದ್ದವು. ಕಚೇರಿಯ ಕಿಟಕಿ ತೆರೆದಿಟ್ಟರೆ ಉಣ್ಣೆಯ ಧೂಳು ಬಂದು ಚಹಾದ ಮೇಲೆ ಕೂರುತ್ತಿತ್ತು.

ಸಂಬಳದಿಂದ ತೆರಿಗೆ ಮುರಿದು ಸರ್ಕಾರಕ್ಕೆ ಕಟ್ಟುವುದು ನನ್ನ ಕೆಲಸದ ಭಾಗ. ಮುರಿಯುವ ತೆರಿಗೆಯಲ್ಲಿ ಒಂದಿಷ್ಟನ್ನು ಪ್ರತಿಯೊಬ್ಬರಿಗೂ ಬಿಟ್ಟುಕೊಡುವ ನಿಯಮವಿತ್ತು. ಅದಕ್ಕೆ ರಿಲೀಫ್ ಎನ್ನುತ್ತಿದ್ದರು. ಸಂಸಾರವಂದಿಗನಿಗೆ ಹೆಚ್ಚು, ಒಂಟಿಯಾಗಿರುವವರಿಗೆ ಕಡಿಮೆ. ಇವೆರಡರ ಜೊತೆಗೆ ಇನ್ನೊಂದಿತ್ತು: ಸ್ಪೆಷಲ್ ಸಿಂಗಲ್ ರಿಲೀಫ್. ಮದುವೆಯಾಗದೆಯೋ, ಗಂಡ ಸತ್ತೋ, ಬಿಟ್ಟೋ ಒಬ್ಬಂಟಿಯಾಗಿ ಮಕ್ಕಳನ್ನು ಸಾಕುತ್ತಿರುವವರಿಗೆ ಸಿಗುವ ಹೆಚ್ಚಿನ ರಿಯಾಯಿತಿ. ಅದು ತಾನಾಗಿ ಬರುವುದಿಲ್ಲ. ಫಾರಂ ತುಂಬಿ, ಮಕ್ಕಳ ಹೆಸರು ಬರೆದು, ಸಾಕ್ಷಿ ಕೊಟ್ಟು ಕೇಳಬೇಕು. ಮೊದಲು ಕಾರ್ಖಾನೆ ಒಪ್ಪಬೇಕು, ಆಮೇಲೆ ತೆರಿಗೆ ಕಚೇರಿ. ನಮ್ಮಲ್ಲಿ ಅಂಥ ತಾಯಂದಿರು ಬೇಕಾದಷ್ಟು ಜನ ಇದ್ದರು. ಕೇಳಿದವರು ಮಾತ್ರ ಒಬ್ಬರೂ ಇರಲಿಲ್ಲ. "ಗಂಡನಿಲ್ಲ, ಮಕ್ಕಳಿದ್ದಾರೆ" ಎಂದು ಕೌಂಟರಿನಲ್ಲಿ ಗಂಡಸರ ಎದುರು ನಿಂತು ಹೇಳಬೇಕಲ್ಲ.

ಮೊದಲು ಕೇಳಿದವಳು ವಂಜಿರು. ಸ್ವೆಟರಿನ ಬೆನ್ನು, ಎದೆ, ತೋಳುಗಳನ್ನು ಒಂದಕ್ಕೊಂದು ಜೋಡಿಸುವ ಮೆಷಿನಿನಲ್ಲಿ ಅವಳಷ್ಟು ಚುರುಕಿನವರು ಇರಲಿಲ್ಲ. ಓವರ್‌ಟೈಮ್ ಬಿಡದೆ ಮಾಡುತ್ತಿದ್ದಳು, ಹಾಗಾಗಿ ತೆರಿಗೆಯೂ ಬೀಳುತ್ತಿತ್ತು. ಅವಳ ಮಗ ಮುಂದಿನ ಜನವರಿಗೆ ಒಂದನೇ ತರಗತಿ ಸೇರಬೇಕಿತ್ತು. ಆ ರಿಲೀಫ್ ಸಿಕ್ಕರೆ ಸೇರಿಸಬಹುದು ಎಂಬುದು ಅವಳ ಲೆಕ್ಕ.

ಫಾರಂ ತುಂಬಿಕೊಟ್ಟವನು ನಮ್ಮ ಟೈಮ್‌ಕೀಪರ್. ಗೇಟಿನ ಪಕ್ಕದ ತಗಡಿನ ಗೂಡಿನಲ್ಲಿ ಕೂತು, ಯಾರು ಎಷ್ಟು ಹೊತ್ತಿಗೆ ಬಂದರು, ಹೋದರು ಎಂದು ಬರೆಯುವುದು ಅವನ ಕೆಲಸ. ಹಿಂದೆ ವಿಕ್ಟೋರಿಯಾ ಸರೋವರದ ಕಡೆ ತನ್ನ ಊರಿನ ಶಾಲೆಯಲ್ಲಿ ಪಾಠ ಮಾಡಿದ್ದನಂತೆ. ಹಾಗಾಗಿ ಕಾರ್ಖಾನೆಯಲ್ಲಿ ಎಲ್ಲರಿಗೂ ಅವನು ಮ್ವಾಲಿಮು, ಅಂದರೆ ಮೇಷ್ಟ್ರು. ನಾನೂ ಹಾಗೇ ಕರೆಯುತ್ತಿದ್ದೆ. ಅವನಿಗೆ ನಾನು ಬ್ವಾನಾ, ಅಂದರೆ ಸಾಹೇಬರು. ಇಂಗ್ಲಿಷ್ ಬರೆಯಲು ಬಾರದವರ ಕಾಗದಪತ್ರವೆಲ್ಲ ಅವನ ಕೈಯಿಂದಲೇ. ಅಕ್ಷರ ಅಚ್ಚು ಹಾಕಿದ ಹಾಗೆ. ಅವನನ್ನು ಜನವರಿಯಿಂದ ಗೇಟಿನಿಂದ ತೆಗೆದು ಪೇರೋಲ್ ಕಚೇರಿಗೆ, ನನ್ನ ಸಹಾಯಕ್ಕೆ ಹಾಕಬೇಕೆಂಬ ಮಾತು ನಡೆದಿತ್ತು.

ನನ್ನ ಕೆಲಸದ ಕ್ರಮವನ್ನು ಇಲ್ಲಿ ಹೇಳಬೇಕು. ಬಂದ ಫಾರಮ್ಮಿಗೆ ಗುಂಡುಪಿನ್ನಿನಿಂದ ಸಿಕ್ಕಿಸಿದ ಹಾಳೆಗಳಿದ್ದರೆ ಮೊದಲು ಕಳಚಿ ಡ್ರಾಯರಿಗೆ ಹಾಕುತ್ತಿದ್ದೆ. ಆಮೇಲೆ ಕೆಲಸಗಾರರ ಫೈಲು ತೆಗೆದು ಫಾರಂ ಜೊತೆ ತಾಳೆ ನೋಡುತ್ತಿದ್ದೆ. ತಾಳೆಯಾದರೆ ಮಾತ್ರ ಡ್ರಾಯರಿನ ಹಾಳೆ ಓದುವುದು. ಹದಿನಾರು ವರ್ಷ ಇದೇ ಕ್ರಮ. ಸಮಯ ಉಳಿಯುತ್ತದೆ ಎಂದು ನನಗೆ ಅದರ ಮೇಲೆ ಹೆಮ್ಮೆಯೂ ಇತ್ತು.

ವಂಜಿರುವಿನ ಫೈಲಿನಲ್ಲಿ, ಕೆಲಸಕ್ಕೆ ಸೇರುವಾಗ ಕೊಟ್ಟ ವಿವರ ಹೀಗಿತ್ತು: ತಂದೆ ಜೋಸೆಫ್ ಕಮಾವು, ತಾಯಿ ಮೇರಿ ವಂಬುಯಿ. ಈಗ ಕೊಟ್ಟ ಫಾರಮ್ಮಿನಲ್ಲಿ ಮಕ್ಕಳ ಹೆಸರು: ಒಂದು, ಜೋಸೆಫ್ ಕಮಾವು. ಎರಡು, ಮೇರಿ ವಂಬುಯಿ. ಹುಟ್ಟಿದ ವರ್ಷದ ಕಾಲಮ್ಮಿನಲ್ಲಿ ವರ್ಷವಿಲ್ಲ, "ಲಗತ್ತಿಸಿದ ಕಾರ್ಡುಗಳನ್ನು ನೋಡಿ" ಎಂದಷ್ಟೇ ಬರೆದಿತ್ತು.

ನಾನು ಒಬ್ಬನೇ ಕೂತು ಗಟ್ಟಿಯಾಗಿ ನಕ್ಕೆ. ರಿಲೀಫಿನ ಆಸೆಗೆ ಅಪ್ಪ ಅಮ್ಮನನ್ನೇ ಮಕ್ಕಳು ಮಾಡಿಬಿಟ್ಟಿದ್ದಾಳಲ್ಲ ಎಂದು. ಕೆಂಪು ಶಾಯಿಯಲ್ಲಿ ಫಾರಮ್ಮಿನ ಮೇಲೆ ಅಡ್ಡಲಾಗಿ, "ಸುಳ್ಳು ಘೋಷಣೆ. ತಂದೆತಾಯಿಯರನ್ನು ಮಕ್ಕಳೆಂದು ತೋರಿಸಲಾಗಿದೆ" ಎಂದು ಬರೆದು ಮ್ಯಾನೇಜರ್ ಟ್ರೇಗೆ ಹಾಕಿದೆ. ಸುಳ್ಳು ಘೋಷಣೆಗೆ ನಮ್ಮ ಕಾರ್ಖಾನೆಯ ನಿಯಮದಲ್ಲಿ ಒಂದೇ ಶಿಕ್ಷೆ, ಕೆಲಸದಿಂದ ತೆಗೆಯುವುದು. ಅದು ನನಗೆ ಗೊತ್ತಿತ್ತು. ಮದುವೆಯಾಗದ ಹೆಂಗಸು ತಲೆ ಎತ್ತಿಕೊಂಡು ಬಂದು ಮಕ್ಕಳ ಹೆಸರಿನಲ್ಲಿ ರಿಯಾಯಿತಿ ಕೇಳುತ್ತಾಳಲ್ಲ ಎಂಬ ಅಸಹನೆ ಆಗ ನನ್ನಲ್ಲಿತ್ತು. ಫಾರಂ ಸುಳ್ಳಾಗಿರಲಿ ಎಂದು ಓದುವ ಮೊದಲೇ ಬಯಸಿದ್ದೆ.

ಸುದ್ದಿ ತಿಳಿದು ಮ್ವಾಲಿಮು ಕೌಂಟರಿಗೆ ಬಂದ.

"ಬ್ವಾನಾ, ಅವು ಮಕ್ಕಳೇ. ಕಾರ್ಡು ನೋಡಿದಿರಾ?"

"ಮ್ವಾಲಿಮು, ಗೇಟಿಗೆ ಯಾರು ಎಷ್ಟು ಹೊತ್ತಿಗೆ ಬಂದರು ಅಂತ ಬರೆಯೋದು ನಿನ್ನ ಕೆಲಸ. ಯಾರಿಗೆ ಎಷ್ಟು ಮಕ್ಕಳು ಅಂತ ಬರೆಯೋದಲ್ಲ."

"ಅವಳನ್ನು ಒಮ್ಮೆ ಕರೆದು ಕೇಳಿ."

"ನೀನು ಸರೋವರದ ಕಡೆಯವನು. ಇವರು ಕಿಕುಯು ಜನ. ಅವರ ಮನೆ ವಿಷಯ ನಿನಗೇನು ಗೊತ್ತು?"

"ಗೊತ್ತಿರಲಿಲ್ಲ, ಬ್ವಾನಾ. ಕೇಳಿದೆ, ಗೊತ್ತಾಯಿತು," ಎಂದು ಹೇಳಿ ಹೊರಟುಹೋದ.

ಗುರುವಾರ ಮ್ಯಾನೇಜರ್ ವಂಜಿರುವನ್ನು ಕರೆಸಿದರು. ಅವರು ಮಾಲೀಕರ ಅಳಿಯ, ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದು ಆ ವರ್ಷವಷ್ಟೇ ಬಂದಿದ್ದ ಗುಜರಾತಿ ತರುಣ. ಒಳ್ಳೆಯವರು, ಆದರೆ ಸ್ವಾಹಿಲಿ ಬಾರದು. ವಂಜಿರುವಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಹಾಗಾಗಿ ನಡುವೆ ನಿಂತು ಮಾತು ದಾಟಿಸುವವನು ನಾನೇ.

"ಜೋಸೆಫ್ ಕಮಾವು ಯಾರು?"

"ನನ್ನ ಮಗ."

"ನಿನ್ನ ತಂದೆಯ ಹೆಸರು?"

"ಜೋಸೆಫ್ ಕಮಾವು."

"ಮೇರಿ ವಂಬುಯಿ?"

"ಮಗಳು. ಅಮ್ಮನೂ ಹೌದು."

ಮ್ಯಾನೇಜರ್ ನನ್ನ ಮುಖ ನೋಡಿದರು. ನಾನು ಭುಜ ಕುಣಿಸಿದೆ. ವಂಜಿರುವಿಗೆ ಸಿಟ್ಟು ಬಂದಿತ್ತು. "ಕಾರ್ಡು ನೋಡಿದ ಮೇಲೂ ನಂಬದವರಿಗೆ ಬಾಯಲ್ಲಿ ಏನು ಹೇಳಲಿ? ಶನಿವಾರ ನಾಲ್ಕು ಜನರನ್ನೂ ತಂದು ಇಲ್ಲೇ ನಿಲ್ಲಿಸುತ್ತೇನೆ. ಎಣಿಸಿಕೊಳ್ಳಿ," ಎಂದು ಸ್ವಾಹಿಲಿಯಲ್ಲಿ ಹೇಳಿದಳು. ನಾನು ಶನಿವಾರದ ಮಾತನ್ನು ಇಂಗ್ಲಿಷಿಗೆ ದಾಟಿಸಿದೆ. ಕಾರ್ಡಿನ ಮಾತನ್ನು ದಾಟಿಸಲಿಲ್ಲ. ಮ್ಯಾನೇಜರ್, "ಸರಿ, ಶನಿವಾರ ಅರ್ಧ ದಿನದ ಕೆಲಸ ಮುಗಿದ ಮೇಲೆ ಕರೆದುಕೊಂಡು ಬರಲಿ. ತರದಿದ್ದರೆ ಸೋಮವಾರದಿಂದ ಬರುವುದು ಬೇಡ," ಎಂದರು.

ಶುಕ್ರವಾರ ಸಂಜೆ ಪಂಗಾನಿಯ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಇದನ್ನು ಹೆಂಡತಿ ಲಲಿತಳಿಗೆ ತಮಾಷೆಯಾಗಿ ಹೇಳಿದೆ. ಅವಳು ಸಾರಿನ ಸೌಟು ಹಿಡಿದವಳು ಹಾಗೇ ನಿಂತಳು.

"ಎಂಥ ಮಾರಾಯ್ರೆ, ಇದರಲ್ಲಿ ನಗುವುದು ಎಂಥದ್ದು? ನಮ್ಮ ಅಪ್ಪುವಿನ ಶಾಲೆ ಹೆಸರು ಎಂಥ?"

"ವಾಸುದೇವ."

"ನಿಮ್ಮ ಅಪ್ಪಯ್ಯನ ಹೆಸರು?"

"ಅದೂ ಅದೇ," ಎಂದೆ. ಮಾವನ ಹೆಸರು ಹೇಳಬಾರದೆಂದು ಲಲಿತ ಮಗನನ್ನು ಒಂದು ದಿನವೂ ವಾಸುದೇವ ಎಂದು ಕರೆದವಳಲ್ಲ. ಮನೆಯಲ್ಲಿ ಅವನು ಅಪ್ಪು. ಆ ಹೆಸರು ಶಾಲೆಯ ಪುಸ್ತಕದ ಮೇಲೆ ಮಾತ್ರ ಇತ್ತು, ನನಗೆ ಅದರ ನೆನಪೇ ಆಗಿರಲಿಲ್ಲ.

"ನಿಮ್ಮ ಹೆಸರು ಯಾರದ್ದು? ನಿಮ್ಮ ಅಜ್ಜಯ್ಯನದ್ದಲ್ವಾ? ಹಾಗಾದ್ರೆ ನಿಮ್ಮ ಅಪ್ಪಯ್ಯನೂ ತಂದೆಯನ್ನೇ ಮಗ ಅಂತ ಬರೆಸಿದ್ರಾ ಸರ್ಕಾರಕ್ಕೆ?"

ಎಂಟು ವರ್ಷದ ಮಗ ತಟ್ಟೆಯಿಂದ ತಲೆ ಎತ್ತಿ, "ಸೋ ಅಯಾಮ್ ಯುವರ್ ಫಾದರ್, ಡ್ಯಾಡ್?" ಎಂದು ಕೇಳಿ ಬಿದ್ದು ಬಿದ್ದು ನಕ್ಕ. ಲಲಿತಳೂ ನಕ್ಕಳು. ನಾನೂ ನಕ್ಕೆ. ಆದರೆ ತಟ್ಟೆಯಲ್ಲಿ ಅನ್ನ ಬಿಟ್ಟು ಎದ್ದೆ.

ಶನಿವಾರ ಬೆಳಗ್ಗೆ ಎಲ್ಲರಿಗಿಂತ ಮೊದಲು ಕಚೇರಿಗೆ ಹೋಗಿ ಡ್ರಾಯರ್ ಎಳೆದೆ. ಎರಡು ಕಾರ್ಡು. ಒಂದು, ಹುಡುಗನ ಬ್ಯಾಪ್ಟಿಸಂ ಕಾರ್ಡು: ಜೋಸೆಫ್ ಕಮಾವು, ತಾಯಿ ವಂಜಿರು, ಆರು ವರ್ಷದ ಹಿಂದಿನ ಮೊಹರು. ಇನ್ನೊಂದು ಆಸ್ಪತ್ರೆಯಲ್ಲಿ ಕೂಸುಗಳ ತೂಕ ಬರೆಯುವ ಕ್ಲಿನಿಕ್ ಕಾರ್ಡು. ಮೇರಿ ವಂಬುಯಿ, ಕಳೆದ ತಿಂಗಳ ತೂಕ ಹತ್ತೂವರೆ ಕಿಲೋ. ಹಲ್ಲು ಬಂದ ದಿನ ಕೂಡ ಬರೆದಿತ್ತು. ಒಂದು ಸಲ ಕಣ್ಣು ಹಾಯಿಸಿದ್ದರೆ ಸಾಕಿತ್ತು, ಹತ್ತೂವರೆ ಕಿಲೋ ತೂಗುವ ಅಜ್ಜಿ ಎಲ್ಲಿಯೂ ಇಲ್ಲ ಎಂದು ಯಾರಿಗಾದರೂ ತಿಳಿಯುತ್ತಿತ್ತು.

ಆಗಲೇ ಮ್ಯಾನೇಜರ್ ಬರುವುದನ್ನು ಕಾದು, "ತಪ್ಪು ನನ್ನದು ಸರ್" ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಡ್ರಾಯರ್ ಮುಚ್ಚಿದೆ.

ಮಧ್ಯಾಹ್ನ ಒಂದು ಗಂಟೆಗೆ ಸೈರನ್ ಆಯಿತು. ಯಾರೂ ಮನೆಗೆ ಹೋಗಲಿಲ್ಲ. ಒಬ್ಬಳು ಕೊಡೆ ಮರೆತಳು, ಇನ್ನೊಬ್ಬಳು ಚಪ್ಪಲಿ ಹುಡುಕಿದಳು, ಮತ್ತೊಬ್ಬಳಿಗೆ ಕಚೇರಿ ಕಿಟಕಿಯ ಹತ್ತಿರವೇ ತಲೆ ಬಾಚಿಕೊಳ್ಳಬೇಕಾಯಿತು. ಗೇಟಿನಿಂದ ಮೆರವಣಿಗೆ ಬಂತು. ಎಲ್ಲರಿಗಿಂತ ಮುಂದೆ ಕಪ್ಪು ಕೋಟು, ಹ್ಯಾಟು ಹಾಕಿದ ಅಜ್ಜ, ಕೈಯಲ್ಲಿ ಕೋಲು. ಅವರ ಹಿಂದೆ ಬುಟ್ಟಿ ಹಿಡಿದ ಅಜ್ಜಿ. ಅಜ್ಜನ ಹಾಗೇ ಒಂದು ಕಡ್ಡಿ ಊರಿಕೊಂಡು ಹುಡುಗ. ಕೊನೆಗೆ ವಂಜಿರು, ಬೆನ್ನಿಗೆ ಬಟ್ಟೆಯಲ್ಲಿ ಕಟ್ಟಿಕೊಂಡ ಮಗಳು. ಮುದುಕರಿಬ್ಬರೂ ಬೆಳಗಿನ ಬಸ್ಸಿನಲ್ಲಿ ತಮ್ಮ ಊರು ಮುರಂಗಾದಿಂದ ಬಂದಿದ್ದರಂತೆ.

ಮ್ಯಾನೇಜರ್ ಫಾರಂ ಎತ್ತಿಕೊಂಡು ಶಾಲೆಯಲ್ಲಿ ಹಾಜರಿ ಕರೆಯುವ ಹಾಗೆ, "ಜೋಸೆಫ್ ಕಮಾವು?" ಎಂದರು.

ಹುಡುಗ ಕೈ ಎತ್ತಿದ. ಅಜ್ಜನೂ ಕೋಲು ಎತ್ತಿದರು.

"ಮೇರಿ ವಂಬುಯಿ?"

ಅಜ್ಜಿ ಒಂದು ಹೆಜ್ಜೆ ಮುಂದೆ ಬಂದರು. ಅಪರಿಚಿತ ಗಂಡಸಿನ ಬಾಯಲ್ಲಿ ತನ್ನ ಹೆಸರು ಕೇಳಿ ಕೂಸು ಕಿಟಾರನೆ ಕಿರುಚಿ ಅಳತೊಡಗಿತು.

ಕಿಟಕಿಯ ಆಚೆ ನಗು ಸ್ಫೋಟಿಸಿತು. ಮ್ಯಾನೇಜರ್ ಬಾಯಿಗೆ ಕೈ ಅಡ್ಡ ಹಿಡಿದರು, ಆಮೇಲೆ ಅವರಿಗೂ ತಡೆಯಲಾಗಲಿಲ್ಲ. ಅಜ್ಜ ಮಾತ್ರ ನಗಲಿಲ್ಲ. ನನ್ನ ಕಡೆ ತಿರುಗಿ, "ಈ ಸಾಹೇಬರಿಗೆ ಹೇಳು," ಎಂದು ಶುರುಮಾಡಿದರು. "ನಮ್ಮಲ್ಲಿ ಮೊದಲ ಗಂಡು ಮಗುವಿಗೆ ಗಂಡನ ಅಪ್ಪನ ಹೆಸರು. ಇವಳಿಗೆ ಗಂಡನಿಲ್ಲ. ಹಾಗಾಗಿ ಆ ಹಕ್ಕು ನನ್ನ ಪಾಲಿಗೆ ಬಂತು. ಇವನು ಮೊಮ್ಮಗನಲ್ಲ, ಇವನು ನಾನೇ. ನಾನು ಸತ್ತ ಮೇಲೂ ನನ್ನ ಮೇಕೆಗಳಿಗಾಗಿ ಜಗಳ ಆಡಲು ಜೋಸೆಫ್ ಕಮಾವು ಒಬ್ಬ ಇರುತ್ತಾನೆ."

"ಇವನನ್ನು ನಾನು ಬೈಯುವ ಹಾಗೂ ಇಲ್ಲ," ಎಂದಳು ವಂಜಿರು. "ಬೈದರೆ ಅಪ್ಪನಿಗೆ ಬೈದ ಹಾಗಂತೆ. ಅದಕ್ಕೇ ಹಾಳಾಗಿದ್ದಾನೆ."

"ಯಾರು?" ಎಂದರು ಅಜ್ಜ.

"ಇಬ್ಬರೂ."

ನಾನು ಇಂಗ್ಲಿಷಿಗೆ ದಾಟಿಸುವಷ್ಟರಲ್ಲಿ ಹೊರಗಿನವರು ಮತ್ತೆ ನಗುತ್ತಿದ್ದರು. ಹಾಗಾಗಿ ಮ್ಯಾನೇಜರಿಗೆ ಪ್ರತಿ ಮಾತಿಗೂ ಎರಡೆರಡು ಸಲ ನಗು. "ಈ ನಾಲ್ವರಲ್ಲಿ ಇವಳು ಸಾಕುವುದು ಯಾರನ್ನು?" ಎಂದು ಕೇಳಿದರು. ವಂಜಿರು ಇಂಗ್ಲಿಷಿನಲ್ಲೇ, "ಆಲ್ ಫೋರ್, ಸರ್," ಎಂದಳು. ಅವರು ನನ್ನ ಕೆಂಪು ಶಾಯಿಯ ಬರಹಕ್ಕೆ ಗೀಟು ಹೊಡೆದು ಅಲ್ಲೇ ಸಹಿ ಹಾಕಿದರು. ಸ್ಟೋರಿನಿಂದ ಎರಡು ಸ್ವೆಟರ್ ತರಿಸಿದರು. ಹುಡುಗನಿಗೆ ಕೊಟ್ಟದ್ದು ಮೊಣಕಾಲವರೆಗೆ ಬಂತು. ಅವನು ಅದನ್ನು ತೆಗೆಯಲು ಒಪ್ಪದೆ ಆ ಬಿಸಿಲಿನಲ್ಲೇ ಅಂಗಳದಲ್ಲಿ ಓಡಾಡಿದ. ವಂಜಿರುವಿನ ಜೊತೆಯವರು ಕೂಸನ್ನು ಕೈಯಿಂದ ಕೈಗೆ ದಾಟಿಸುತ್ತ, "ಅಮ್ಮಾ, ಅಮ್ಮಾ" ಎಂದು ಕರೆದು ಅಜ್ಜಿಯನ್ನು ರೇಗಿಸುತ್ತಿದ್ದರು. ಕಾರ್ಖಾನೆಯಲ್ಲಿ ಅಷ್ಟು ಸಂತೋಷದ ಶನಿವಾರವನ್ನು ನಾನು ಹಿಂದೆಯೂ ಕಂಡಿರಲಿಲ್ಲ, ಮುಂದೆಯೂ ಕಾಣಲಿಲ್ಲ.

ಜನ ಕೇಳಿ ನಗುವ ಕಥೆ ಇಲ್ಲಿಗೆ ಮುಗಿಯುತ್ತದೆ. ನಾನು ಹೇಳದೆ ಉಳಿಸಿಕೊಂಡದ್ದು ಮುಂದಿನದು.

ಎಲ್ಲರೂ ಹೊರಗೆ ಹೋದ ಮೇಲೆ ಮ್ಯಾನೇಜರ್ ಫಾರಮ್ಮನ್ನು ಮತ್ತೆ ಓದಿದರು. "ರಾವ್, ಇಲ್ಲಿ ಕಾರ್ಡುಗಳನ್ನು ನೋಡಿ ಅಂತಿದೆಯಲ್ಲ. ಕಾರ್ಡು ಎಲ್ಲಿ? ಆ ಮುದುಕರನ್ನು ಇಷ್ಟು ದೂರ ಎಳೆತರಿಸಬೇಕಾಗಿರಲಿಲ್ಲ."

ನನ್ನ ಮೊಣಕಾಲು ಡ್ರಾಯರಿಗೆ ತಾಗಿಕೊಂಡಿತ್ತು. "ಕಾರ್ಡು ಬಂದಿಲ್ಲ ಸರ್," ಎಂದೆ. "ಟೈಮ್‌ಕೀಪರ್ ಲಗತ್ತಿಸಲು ಮರೆತಿರಬೇಕು."

ಮ್ವಾಲಿಮುವನ್ನು ಕರೆಸಿದರು. ಅವನು ನಗುತ್ತಲೇ ಒಳಗೆ ಬಂದ. ಹೆಗಲ ಮೇಲೆ ಆ ಹುಡುಗ ಕೂತಿದ್ದ.

"ಕಾರ್ಡು ಲಗತ್ತಿಸಿದ್ದೆಯಾ?"

"ಹೌದು ಸರ್. ಎರಡು. ಪಿನ್ನು ಹಾಕಿದ್ದೆ."

"ರಾವ್?"

"ನನಗೆ ಬರಲಿಲ್ಲ ಸರ್."

ಮ್ವಾಲಿಮು ಮೇಜಿನ ಮೇಲಿದ್ದ ಫಾರಮ್ಮಿನ ಮೂಲೆಯನ್ನು ನೋಡಿದ. ಅಲ್ಲಿ ಪಿನ್ನು ಚುಚ್ಚಿದ ಎರಡು ತೂತುಗಳಿದ್ದವು. ಆಮೇಲೆ ನನ್ನನ್ನು ನೋಡಿದ. ಅವನು ಬೆರಳಿಟ್ಟು ತೋರಿಸಿದ್ದರೆ ಸಾಕಿತ್ತು. ಹೊರಗೆ ಹೆಂಗಸರು ಹಾಡು ಶುರುಮಾಡಿದ್ದರು. ಅವನು ಹೆಗಲ ಮೇಲಿನ ಹುಡುಗನ ಕಾಲು ಸರಿಮಾಡಿಕೊಂಡು, "ದಾರಿಯಲ್ಲಿ ಎಲ್ಲೋ ಬಿದ್ದಿರಬೇಕು ಸರ್," ಎಂದ.

ಸೋಮವಾರ ಅವನಿಗೆ ಎಚ್ಚರಿಕೆ ಪತ್ರ ಹೋಯಿತು. ಕೆಲಸಗಾರರ ದಾಖಲೆಗಳ ವಿಷಯದಲ್ಲಿ ಬೇಜವಾಬ್ದಾರಿ ಎಂದು. ಅದನ್ನು ಟೈಪ್ ಮಾಡಿದ್ದು ನಾನೇ. ಪೇರೋಲ್ ಕಚೇರಿಗೆ ಹಾಕುವ ಮಾತು ಅಲ್ಲಿಗೆ ನಿಂತಿತು.

ಅದೇ ದಿನ ಕ್ಯಾಂಟೀನಿನ ಹೊರಗೆ ವಂಜಿರುವಿಗೆ ಕಾರ್ಡುಗಳನ್ನು ಹಿಂದಿರುಗಿಸಿದೆ. "ಫೈಲುಗಳ ಹಿಂದೆ ಸಿಕ್ಕಿತು," ಎಂದೆ.

"ಸಿಕ್ಕಿತಲ್ಲ, ಅಸಾಂಟೆ! ಬುಧವಾರ ಕ್ಲಿನಿಕ್ಕಿಗೆ ಹೋಗಬೇಕಿತ್ತು," ಎಂದು ಧನ್ಯವಾದ ಹೇಳಿ ಸಂತೋಷದಿಂದ ತೆಗೆದುಕೊಂಡಳು. ಎರಡು ಹೆಜ್ಜೆ ಹೋಗಿ ತಿರುಗಿ, "ಮ್ವಾಲಿಮುವಿಗೆ ಹೇಳಿದಿರಾ? ಪಾಪ, ಬಹಳ ಹುಡುಕಿದ," ಎಂದಳು.

"ಹೇಳುತ್ತೇನೆ," ಎಂದೆ.

ಮುಂದಿನ ವಾರದಿಂದ ಯಾರೂ ನಿರೀಕ್ಷಿಸದ ಇನ್ನೊಂದು ಬೆಳವಣಿಗೆಯಾಯಿತು. ವಂಜಿರು ಎಲ್ಲರ ಎದುರು ತಲೆ ಎತ್ತಿ ಕೇಳಿ ಪಡೆದದ್ದನ್ನು ನೋಡಿ ಉಳಿದವರ ನಾಚಿಕೆ ಹೋಯಿತು. ಒಬ್ಬೊಬ್ಬರಾಗಿ ಬರತೊಡಗಿದರು. ಕ್ಯಾಂಟೀನಿನ ಒಂದು ಬೆಂಚಿನಲ್ಲಿ ಮ್ವಾಲಿಮು ಫಾರಂ ತುಂಬುತ್ತಿದ್ದ, ಪಕ್ಕದಲ್ಲಿ ನಾನು ಕಾರ್ಡುಗಳನ್ನು ನೋಡುತ್ತಿದ್ದೆ. ಈಗ ಮೊದಲು ಕಾರ್ಡು, ಆಮೇಲೆ ಫಾರಂ. ಎಚ್ಚರಿಕೆ ಪತ್ರ ಅಂಗಿಯ ಜೇಬಿನಲ್ಲಿಟ್ಟುಕೊಂಡೇ ಅವನು ಕೂತಿದ್ದ, ನನಗೆ ಅದರ ಮಡಿಕೆ ಕಾಣುತ್ತಿತ್ತು. ಆದರೂ ಮೊದಲಿನ ಹಾಗೇ ತಮಾಷೆ ಮಾಡುತ್ತಿದ್ದ. "ಬ್ವಾನಾ, ಇವಳ ಮಗಳ ಹೆಸರೂ ಅಜ್ಜಿಯದ್ದೇ. ಅಜ್ಜಿಯನ್ನು ಕರೆಸಬೇಕೋ, ಹೀಗೇ ನಂಬುತ್ತೀರೋ?" ಬೆಂಚಿನ ಸುತ್ತ ಇದ್ದವರೆಲ್ಲ ನಗುತ್ತಿದ್ದರು. ಮೂವತ್ತೊಂದು ಫಾರಂ ಆದವು.

ಎಲ್ಲವನ್ನೂ ಹೊತ್ತುಕೊಂಡು ತೆರಿಗೆ ಕಚೇರಿಗೆ ನಾನೇ ಹೋದೆ. ಕೌಂಟರಿನ ಹೆಂಗಸು ಒಂದೊಂದಾಗಿ ನೋಡುತ್ತ ಹೋಗಿ ಕೊನೆಗೆ ಕನ್ನಡಕ ತೆಗೆದು, "ನಿಮ್ಮದು ಕಾರ್ಖಾನೆಯೋ, ನರ್ಸರಿ ಶಾಲೆಯೋ?" ಎಂದರು. "ಇಷ್ಟು ದಿನ ಇವರೆಲ್ಲ ಎಲ್ಲಿದ್ದರು?" ನಾನು ತಲೆ ತಗ್ಗಿಸಿ, "ಅಲ್ಲೇ ಇದ್ದರು, ಮೇಡಂ. ನಾವು ಕೇಳಿರಲಿಲ್ಲ," ಎಂದೆ. ಒಂದು ಫಾರಮ್ಮೂ ವಾಪಸು ಬರಲಿಲ್ಲ. ನವೆಂಬರಿನ ಸಂಬಳದ ಚೀಟಿಯಲ್ಲಿ ಎಲ್ಲರಿಗೂ ರಿಲೀಫ್ ಸೇರಿತು. ಆ ದಿನ ಮೆಷಿನುಗಳ ಸದ್ದಿಗಿಂತ ಮಾತಿನ ಸದ್ದು ಜೋರಾಗಿತ್ತು. ಮ್ಯಾನೇಜರ್ ನನ್ನನ್ನು ಎಲ್ಲರ ಮುಂದೆ ಹೊಗಳಿದರು. ಜನವರಿಯಲ್ಲಿ ನಾನು ಹೆಡ್ ಕ್ಲರ್ಕ್ ಆದೆ. ವಂಜಿರುವಿನ ಮಗ ಅದೇ ದೊಡ್ಡ ಸ್ವೆಟರ್ ತೋಳು ಮಡಿಚಿ ಹಾಕಿಕೊಂಡು ಒಂದನೇ ತರಗತಿಗೆ ಹೋದ.

ಶಾಲೆ ಶುರುವಾದ ಮೊದಲ ಭಾನುವಾರ ವಂಜಿರು ಮಕದಾರದ ತನ್ನ ಮನೆಗೆ ನಮ್ಮನ್ನೆಲ್ಲ ಊಟಕ್ಕೆ ಕರೆದಳು. ಒಂದೇ ಕೋಣೆ, ಉಳಿದವರೆಲ್ಲ ಅಂಗಳದಲ್ಲಿ. ಲಲಿತ ಒಂದು ಡಬ್ಬಿ ಕೊಬ್ಬರಿ ಮಿಠಾಯಿ ಮಾಡಿ ತಂದಿದ್ದಳು. ನಾವು ಮಾಂಸ ತಿನ್ನುವವರಲ್ಲ ಎಂದು ನಮಗಾಗಿ ಆಲೂಗಡ್ಡೆ, ಜೋಳ, ಸೊಪ್ಪು ಸೇರಿಸಿ ನಾದಿದ ಮುಕಿಮೊ ಮಾಡಿದ್ದರು. ಅಜ್ಜನಿಗೆ ಲಲಿತ ತನ್ನ ಒಡಕು ಸ್ವಾಹಿಲಿಯಲ್ಲಿ, ತನ್ನ ಗಂಡನಿಗಿರುವುದು ಅವರ ಅಜ್ಜನ ಹೆಸರು ಎಂದು ಹೇಳಿಬಿಟ್ಟಳು. ಅಜ್ಜ ಕೋಲು ನೆಲಕ್ಕೆ ಕುಟ್ಟಿ, "ಹಾಗಾದರೆ ನೀನೂ ಮುದುಕನೇ! ಆ ಹುಡುಗರ ಜೊತೆ ಯಾಕೆ ಕೂತಿದ್ದೀ? ಬಾ ಇಲ್ಲಿ," ಎಂದು ತಮ್ಮ ಪಕ್ಕದ ಸ್ಟೂಲಿನಲ್ಲಿ ಕೂರಿಸಿಕೊಂಡರು. ನನ್ನ ಅಪ್ಪು ಮತ್ತು ಅವರ ಕಮಾವು ಅಂಗಳದಲ್ಲಿ ಟೈರು ಉರುಳಿಸುತ್ತಿದ್ದರು. "ನೋಡು, ನಿನ್ನ ಅಪ್ಪನೂ ನಾನೂ ಆಡುತ್ತಿದ್ದೇವೆ," ಎಂದರು ಅಜ್ಜ. ಲಲಿತಳಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು.

ಹಿಂದಿರುಗುವಾಗ ಮಟಾಟು ವ್ಯಾನಿನ ಹಿಂದಿನ ಸೀಟಿನಲ್ಲಿ ನಾನೂ ಮ್ವಾಲಿಮುವೂ ಪಕ್ಕಪಕ್ಕ ಕೂತೆವು. ಲಲಿತ, ಅಪ್ಪು ಮುಂದೆ. ಪಂಗಾನಿಗೆ ಅರ್ಧ ಗಂಟೆಯ ದಾರಿ. ಅವನು ತನ್ನ ಊರಿನ ಶಾಲೆಯ ಬಗ್ಗೆ, ಮಳೆ ಬಂದರೆ ಮಕ್ಕಳನ್ನು ಮೀನುಗಾರರ ದೋಣಿಯ ಕೆಳಗೆ ಕೂರಿಸಿ ಪಾಠ ಮಾಡಿದ್ದರ ಬಗ್ಗೆ ಹೇಳುತ್ತಿದ್ದ. ಕಚೇರಿಗೆ ಬರುವ ಆಸೆ ಇದ್ದದ್ದು ಊರಿನಲ್ಲಿರುವ ಮಕ್ಕಳನ್ನು ಇಲ್ಲಿಗೆ ಕರೆತಂದು ಓದಿಸಲು ಎಂದೂ ಹೇಳಿದ. ದೂರಿನ ದನಿಯಲ್ಲಿ ಹೇಳಲಿಲ್ಲ. ನಾನು ಹೂಂಗುಟ್ಟಿದೆ. ಕಾರ್ಡು ನನ್ನ ಡ್ರಾಯರಿನಲ್ಲೇ ಇತ್ತು ಎಂದು ಹೇಳಲು ಅವನ ಕಡೆ ತಿರುಗಿದೆ. ಕಂಡಕ್ಟರ್ ಪಂಗಾನಿ ಎಂದು ಕೂಗಿದ. ನಾನು ಇಳಿದೆ. ಅವನು ಕಿಟಕಿಯಿಂದ ಕೈ ಬೀಸಿದ.

ಆಮೇಲೂ ಐದು ವರ್ಷ ಅವನು ಗೇಟಿನ ಗೂಡಿನಲ್ಲಿದ್ದ. ದಿನಕ್ಕೆ ಎರಡು ಸಲ ಅವನ ಮುಂದೆ ಹಾದುಹೋದೆ. 1992ರಲ್ಲಿ ಅವನು ಕೆಲಸ ಬಿಟ್ಟು ಊರಿಗೆ ಹೊರಟಾಗ ಬೀಳ್ಕೊಡುಗೆಯಲ್ಲಿ ಒಳ್ಳೆಯ ಭಾಷಣವನ್ನೂ ಮಾಡಿದೆ. ಎಲ್ಲವನ್ನೂ ಹೇಳಿದೆ, ಅದೊಂದನ್ನು ಬಿಟ್ಟು. ಆ ಮೇಲೆ ಅವನ ಸುದ್ದಿ ಸಿಗಲಿಲ್ಲ. ಸಿಗುವಷ್ಟು ಹುಡುಕಲಿಲ್ಲ ಎನ್ನುವುದು ಸರಿ.

ಮುಂದೆ ಆ ಬೇರೆ ಬೇರೆ ರಿಲೀಫುಗಳೆಲ್ಲ ಹೋಗಿ ಎಲ್ಲರಿಗೂ ಒಂದೇ ಆಯಿತು. ಕಾರ್ಖಾನೆಯೂ ಮುಚ್ಚಿತು. ನಿವೃತ್ತನಾಗುವವರೆಗೆ ನಾನು ಬೇರೆ ಎರಡು ಕಡೆ ಕೆಲಸ ಮಾಡಿದೆ. ನನ್ನ ಕೈಕೆಳಗಿನ ಹೊಸ ಕ್ಲರ್ಕುಗಳಿಗೆಲ್ಲ ಮೊದಲ ದಿನವೇ ಒಂದು ಮಾತು ಹೇಳುತ್ತಿದ್ದೆ: ಲಗತ್ತಿಸಿದ ಕಾಗದವನ್ನು ಮೊದಲು ಓದಿ, ಅದರಲ್ಲೂ ಅರ್ಥವಾಗದಿದ್ದರೆ ಆ ಮನುಷ್ಯರನ್ನು ಕರೆದು ಕೇಳಿ. ಇದು ನನ್ನ ಸ್ವಂತ ಬುದ್ಧಿ ಎಂದು ಅವರೆಲ್ಲ ತಿಳಿದಿದ್ದರು. ಕೇಳಿದೆ, ಗೊತ್ತಾಯಿತು ಎಂದು ಕೌಂಟರಿನಲ್ಲಿ ನಿಂತು ನನಗೆ ಅದನ್ನು ಕಲಿಸಿದವನು ಗೇಟಿನ ಟೈಮ್‌ಕೀಪರ್. ಅವನಿಗೆ ನಾನು ಒಂದು ದಿನವೂ ಕ್ಷಮೆ ಕೇಳಲಿಲ್ಲ. ಅವನ ಹೆಸರು ಎಲಿಜಾ ಒದಿಯಾಂಬೊ.